ವಡಗಾವಿ: ಪಕ್ಕದ ಸೈಟಿನಲ್ಲಿ ಪೈಲ್ ಹೊಡೆಯುತ್ತಿದ್ದಾರೆ, ನಮ್ಮ ಹಳೇ ಗೋಡೆಗಳಿಗೆ ಏನಾಗುತ್ತದೆ?

ಮಗ್ಗದಮನೆ_ವಡಗಾವಿ

ಎಲ್ಲರಿಗೂ ನಮಸ್ಕಾರ. ಒಂದು ವಿಷಯಕ್ಕೆ ಸಲಹೆ ಬೇಕು, ಸ್ವಲ್ಪ ಅರ್ಜೆಂಟ್ ಇದೆ.

ನಮ್ಮದು ಬೆಳಗಾವಿ ವಡಗಾವಿಯಲ್ಲಿ ಅಜ್ಜನ ಕಾಲದ ಮನೆ. ಮುಂದಿನ ಕೋಣೆಗಳದು ಕಲ್ಲು ಮಣ್ಣಿನ ಗೋಡೆ, ಮೇಲೆ ಹಂಚು. ಹಿಂದಿನ ಭಾಗ ಅಪ್ಪ ಕಟ್ಟಿಸಿದ್ದು. ಇಟ್ಟಿಗೆ, ಸಿಮೆಂಟು, ಮೇಲೆ ಸ್ಲ್ಯಾಬ್. ಅದಕ್ಕೂ ಮೂವತ್ತು ವರ್ಷ ದಾಟಿದೆ. ಅಲ್ಲೇ ನಮ್ಮ ಪವರ್‌ಲೂಮ್ ನಡೆಯುತ್ತವೆ. ಹೊಟ್ಟೆಪಾಡು ಅದೇ.

ಪಕ್ಕದ ಖಾಲಿ ಜಾಗದಲ್ಲಿ ಈಗ ಬೇಸ್‌ಮೆಂಟ್ ಇರುವ ಕಾಂಪ್ಲೆಕ್ಸ್ ಬರುತ್ತಿದೆ. ಕಳೆದ ವಾರ ಟೆಸ್ಟ್ ಅಂತ ಎರಡು ಪೈಲ್ (ಬುನಾದಿಗೆ ನೆಲದೊಳಗೆ ಇಳಿಸುವ ಕಂಬ) ಹೊಡೆದರು. ನಮ್ಮ ಗೋಡೆಯಿಂದ ಏಳೆಂಟು ಮೀಟರ್ ಇರಬಹುದು. ಪ್ರತಿ ಹೊಡೆತಕ್ಕೂ ಕಪಾಟಿನ ಪಾತ್ರೆಗಳು ಸದ್ದು ಮಾಡಿದವು. ಹಂಚಿನ ಸಂದಿಯಿಂದ ಮಣ್ಣು ಉದುರಿತು. ಅವ್ವ ಒಳಗೆ ಇರಲು ಹೆದರಿ ಕಟ್ಟೆ ಮೇಲೆ ಬಂದು ಕೂತರು. ಸಂಜೆ ನೋಡಿದರೆ ಕಿಟಕಿ ಮೂಲೆಯಿಂದ ಮೇಲಕ್ಕೆ ಓರೆಯಾಗಿ ಒಂದು ಬಿರುಕು ಕಾಣಿಸಿತು.

ಕಂಟ್ರಾಕ್ಟರ್ ಕಡೆಯವರನ್ನು ಕೇಳಿದರೆ, "ನಿಮ್ಮ ಮಗ್ಗವೇ ದಿನವಿಡೀ ಮನೆ ಅಲುಗಾಡಿಸುತ್ತದಲ್ಲಮ್ಮ, ಬಿರುಕು ಅದರದ್ದೇ" ಅಂದರು. ಉಳಿದ ಪೈಲ್‌ಗಳು ಮುಂದಿನ ವಾರ ಶುರು. ಅವರು ಹೇಳಿದ್ದು ನಿಜವಾ? ಅಷ್ಟರೊಳಗೆ ನಾವು ಏನು ಮಾಡಬಹುದು?

ಮಣ್ಣುಪರೀಕ್ಷೆ_ಬೆಳಗಾವಿ

ಅಕ್ಕಾ, ನಾನು ಮಣ್ಣು ಮತ್ತು ಬುನಾದಿ ಕೆಲಸದಲ್ಲೇ ಇದ್ದು ನಿವೃತ್ತನಾದವನು. ಉತ್ತರ ಹೇಳುವ ಮೊದಲು ಒಂದು ಪ್ರಶ್ನೆ. ಅವರು ಹೊಡೆಯುವ ರೀತಿ ಹೇಗಿದೆ? ಮೂರು ಕಾಲಿನ ಸ್ಟ್ಯಾಂಡ್, ವಿಂಚ್ ಇದ್ದರೆ ಎರಡು ಸಾಧ್ಯತೆ ಇದೆ. ಒಂದು, ಕಬ್ಬಿಣದ ಪೈಪಿನ ತಲೆ ಮೇಲೆ ಭಾರ ಬೀಳಿಸಿ ಪೈಪನ್ನು ನೆಲಕ್ಕೆ ಇಳಿಸುವುದು. ಇನ್ನೊಂದು, ಗುಂಡಿಯೊಳಗೆ ಉಳಿಯಂಥ ಭಾರವಾದ ಚಿಸೆಲ್ ಎತ್ತಿ ಬಿಟ್ಟು, ಕೆಸರು ನೀರು ಹಾಯಿಸಿ ಮಣ್ಣು ಹೊರಗೆ ತೆಗೆಯುವುದು. ಮೊದಲನೆಯದು ನೆಲವನ್ನು ಜಾಸ್ತಿ ಅಲುಗಿಸುತ್ತದೆ. ನಮ್ಮ ಕಡೆ ಸಾಮಾನ್ಯವಾಗಿ ನಡೆಯುವುದು ಎರಡನೆಯದು, ಅಥವಾ ತಿರುಗಿಸಿ ಕೊರೆಯುವ ರೋಟರಿ ರಿಗ್. ಹೊರಗಿನಿಂದ ನೋಡಿದವರಿಗೆ ಸ್ಟ್ಯಾಂಡಿನ ಆ ಎರಡು ವಿಧಾನವೂ ಒಂದೇ ಥರ ಕಾಣುತ್ತವೆ.

ಮಗ್ಗದಮನೆ_ವಡಗಾವಿ

ಸರ್, ತಮ್ಮ ಹೋಗಿ ನೋಡಿಕೊಂಡು ಬಂದ. ಪೈಪಿನ ತಲೆ ಮೇಲೇ ಭಾರ ಬೀಳಿಸುತ್ತಾರೆ. ಪೈಪ್ ಇಳಿದ ಮೇಲೆ ಒಳಗೆ ಕಬ್ಬಿಣದ ಪಂಜರ ಇಟ್ಟು ಕಾಂಕ್ರೀಟ್ ಸುರಿದು ಪೈಪ್ ಮೇಲಕ್ಕೆ ಎಳೆಯುತ್ತಾರಂತೆ. ಬೇಸ್‌ಮೆಂಟಿಗೆ ಅಗೆಯುವಾಗ ಸುತ್ತಲೂ ಕಬ್ಬಿಣದ ಶೀಟ್ ಇಳಿಸುತ್ತಾರಂತೆ. ಅದಕ್ಕೆ ಬೇರೆ ಮಷೀನ್ ಬರುತ್ತದಂತೆ, ಜೆಸಿಬಿ ತೋಳಿಗೆ ಸಿಕ್ಕಿಸುವಂಥದ್ದು.

ಮಣ್ಣುಪರೀಕ್ಷೆ_ಬೆಳಗಾವಿ

ಸರಿ, ಈಗ ಗೊತ್ತಾಯಿತು. ಮೊದಲನೆಯದಕ್ಕೆ ಡ್ರಿವನ್ ಕಾಸ್ಟ್ ಇನ್ ಸಿಟು ಪೈಲ್ ಅನ್ನುತ್ತಾರೆ. ಭಾರತೀಯ ಮಾನದಂಡ ಐಎಸ್ 2911 ಭಾಗ 1, ಸೆಕ್ಷನ್ 1ರಲ್ಲಿ ಬರುತ್ತದೆ. ಕೊರೆದು ಕಾಂಕ್ರೀಟ್ ತುಂಬುವ ಬೋರ್ಡ್ ಪೈಲ್ ಸೆಕ್ಷನ್ 2ರಲ್ಲಿ ಇದೆ. ಎರಡನೆಯ ಮಷೀನು ವೈಬ್ರೋ ಹ್ಯಾಮರ್, ಶೀಟನ್ನು ನಡುಗಿಸಿ ನೆಲಕ್ಕೆ ಇಳಿಸುವಂಥದ್ದು. ಎರಡರ ಸ್ವಭಾವವೂ ಬೇರೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಭಾರ ಪೈಪಿನ ಮೇಲೆ ಬಿದ್ದಾಗ ಶಕ್ತಿಯ ಒಂದು ಪಾಲು ಪೈಪನ್ನು ಕೆಳಗೆ ಇಳಿಸುತ್ತದೆ. ಉಳಿದದ್ದು ಪೈಪಿನ ಪಕ್ಕದಿಂದ ಮತ್ತು ತುದಿಯಿಂದ ಅಲೆಯಾಗಿ ಮಣ್ಣಿಗೆ ಹೋಗುತ್ತದೆ. ಆ ಅಲೆಗಳು ನೆಲದ ಮೇಲ್ಭಾಗಕ್ಕೆ ಬಂದಾಗ ಮೇಲ್ಮೈ ಅಲೆಯೂ ಹುಟ್ಟುತ್ತದೆ. ಇದು ಬೇಗ ಕರಗುವುದಿಲ್ಲ. ದೂರದ ಮನೆಗಳನ್ನು ಮುಟ್ಟುವುದು ಹೆಚ್ಚಾಗಿ ಇದೇ. ಪೈಪ್ ಗಟ್ಟಿ ಪದರಕ್ಕೆ ತಾಗಿ ಮುಂದೆ ಇಳಿಯದಿದ್ದರೆ ಕಂಪನ ಒಮ್ಮೆಲೇ ಏರುತ್ತದೆ. ಕೆಳಗೆ ಇಳಿಯಬೇಕಿದ್ದ ಶಕ್ತಿಯೂ ಅಲೆಯಾಗಿ ಹೊರಡುತ್ತದೆ, ಅದಕ್ಕೆ. ಕೊನೆಕೊನೆಗೆ ಹೊಡೆತ ಜೋರಾಯಿತು ಅಂತ ನಿಮಗೆ ಅನ್ನಿಸಿದ್ದರೆ ಕಾರಣ ಇದೇ.

ಇದನ್ನು ಅಳೆಯುವುದು ಮಣ್ಣಿನ ಕಣ ಎಷ್ಟು ವೇಗದಲ್ಲಿ ಅಲುಗಿತು ಅನ್ನುವುದರಿಂದ. ಲೆಕ್ಕ ಸೆಕೆಂಡಿಗೆ ಇಷ್ಟು ಮಿಲಿಮೀಟರ್ ಅಂತ. ಸಾಮಾನ್ಯವಾಗಿ ಪಿಪಿವಿ ಅನ್ನುತ್ತಾರೆ. ಮನೆಯಲ್ಲಿ ಕೂತ ಮನುಷ್ಯನಿಗೆ 0.3 ಇದ್ದಾಗಲೇ ಗೊತ್ತಾಗುತ್ತದೆ. 1 ಆದರೆ ಜನ ದೂರು ಕೊಡಲು ಶುರು ಮಾಡುತ್ತಾರೆ ಅಂತ ಬ್ರಿಟನ್ನಿನ ಮಾನದಂಡ ಬಿಎಸ್ 5228 ಹೇಳುತ್ತದೆ. ಗೋಡೆಗೆ ಪೆಟ್ಟಾಗುವ ಮಿತಿ ಅದಕ್ಕಿಂತ ಮೇಲಿದೆ. ಜರ್ಮನಿಯ ಮಾನದಂಡ ಡಿಐಎನ್ 4150 ಪ್ರಕಾರ 10 ಹರ್ಟ್ಸ್‌ಗಿಂತ ಕಡಿಮೆ ಕಂಪನಕ್ಕೆ ಸಾಮಾನ್ಯ ಮನೆಯ ಬುನಾದಿಯಲ್ಲಿ 5, ಸೂಕ್ಷ್ಮ ಅಥವಾ ಪಾರಂಪರಿಕ ಕಟ್ಟಡಕ್ಕೆ 3. ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೆ ಅನ್ನುವುದು. ಅದು ಏರಿದ ಹಾಗೆ ಮಿತಿಯೂ ಏರುತ್ತದೆ. ಅಂದರೆ ಅವ್ವ ಹೆದರಿದ್ದು ಸಹಜ, ಆದರೆ ಕಂಪನ ಗೊತ್ತಾದ ಮಾತ್ರಕ್ಕೆ ಗೋಡೆ ಒಡೆಯಿತು ಅಂತಲ್ಲ. ಇವೆರಡರ ನಡುವೆ ಬಹಳ ಅಂತರ ಇದೆ.

ಆದರೆ ನಿಮ್ಮ ದೂರ ಕಡಿಮೆ. ಅಮೆರಿಕದ ಫೆಡರಲ್ ಟ್ರಾನ್ಸಿಟ್ ಅಡ್ಮಿನಿಸ್ಟ್ರೇಷನ್ ಕೈಪಿಡಿಯಲ್ಲಿ ಹೊಡೆಯುವ ಪೈಲ್ ಮಷೀನಿಗೆ 7.6 ಮೀಟರ್ ದೂರದಲ್ಲಿ ಸುಮಾರು 16 ಅಂತ ಕೊಟ್ಟಿದ್ದಾರೆ. ಅದು ದೊಡ್ಡ ಮಷೀನ್ ಲೆಕ್ಕ, ನಿಮ್ಮ ವಿಂಚ್ ಅದಕ್ಕಿಂತ ಚಿಕ್ಕದು. ಅದೇ ಲೆಕ್ಕದಲ್ಲಿ 15 ಮೀಟರಿಗೆ 6ರ ಹತ್ತಿರ, 30 ಮೀಟರಿಗೆ 2 ಆಗುತ್ತದೆ. ದೂರ ಎರಡರಷ್ಟಾದರೆ ಕಂಪನ ಸುಮಾರು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಅದಕ್ಕೇ ನಿಮ್ಮ ಗೋಡೆ ಪಕ್ಕದ ಒಂದು ಸಾಲು ಪೈಲ್ ಬಗ್ಗೆ ಮಾತ್ರ ಗಟ್ಟಿಯಾಗಿ ಹಟ ಹಿಡಿಯಿರಿ. ಇಡೀ ಸೈಟಿನ ಕೆಲಸ ನಿಲ್ಲಿಸಿ ಅಂದರೆ ಯಾರೂ ಕೇಳುವುದಿಲ್ಲ.

ಸೈಟ್_ಸೂಪರ್‌ವೈಸರ್

ಕಂಟ್ರಾಕ್ಟರ್ ಕಡೆಯಿಂದ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಮಷೀನ್ ಸೈಟಿಗೆ ಬಂದ ದಿನ ಸುತ್ತಲಿನ ಎಲ್ಲ ಮನೆಯವರೂ ಗೋಡೆ ನೋಡಲು ಶುರು ಮಾಡುತ್ತಾರೆ. ಹತ್ತು ವರ್ಷದಿಂದ ಇದ್ದ ಬಿರುಕು ಅವತ್ತೇ ಕಣ್ಣಿಗೆ ಬೀಳುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ, ಮೊದಲು ಯಾರೂ ಸರಿಯಾಗಿ ನೋಡಿರುವುದಿಲ್ಲ ಅಷ್ಟೆ. ಆಮೇಲೆ ಎಲ್ಲದಕ್ಕೂ ನಾವು ದುಡ್ಡು ಕೊಡಬೇಕು. ಅಕ್ಕನ ಮನೆಯ ಬಿರುಕು ಹೊಸದು ಅಂತ ಹೇಗೆ ಹೇಳುತ್ತೀರಿ?

ನವನಗರ_ಬಾಗಲಕೋಟೆ

ಸೂಪರ್‌ವೈಸರ್ ಅಣ್ಣ ಹೇಳುವುದರಲ್ಲಿ ಸತ್ಯ ಇದೆ. ನಮ್ಮ ಕಡೆ ಎರೆ ಮಣ್ಣು. ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟು ಕೈ ಹೋಗುವಷ್ಟು ಸಂದಿ ಆಗುತ್ತದೆ, ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಅದರ ಜೊತೆ ಗೋಡೆಯೂ ಪ್ರತಿ ವರ್ಷ ತೆರೆದು ಮುಚ್ಚುತ್ತದೆ. ಆಲಮಟ್ಟಿ ಹಿನ್ನೀರಿಗೆ ಹಳೇ ಊರು ಬಿಟ್ಟು ನವನಗರಕ್ಕೆ ಬಂದು ಮನೆ ಕಟ್ಟಿದವರಲ್ಲಿ ಪಾಯ ಆಳಕ್ಕೆ ಹಾಕದವರಿಗೆ ಇದರ ಅನುಭವ ಇದೆ. ಇಲ್ಲಿ ಪೈಲ್ ಮಷೀನ್ ಇಲ್ಲದೆಯೇ ಗೋಡೆ ಸೀಳುತ್ತದೆ.

ಹಾಗಾಗಿ ಏಪ್ರಿಲ್ ತಿಂಗಳಲ್ಲಿ ಕಂಡ ಬಿರುಕಿಗೆ ಯಾರು ಹೊಣೆ ಅಂತ ಹೇಳುವುದು ಕಷ್ಟ. ವಡಗಾವಿಯ ಮಣ್ಣು ಯಾವುದು?

ಮಗ್ಗದಮನೆ_ವಡಗಾವಿ

ನಮ್ಮ ಓಣಿ ಬಳ್ಳಾರಿ ನಾಲಾ ಕಡೆಗೆ ಇಳಿಜಾರು. ಮೇಲೆ ಕಪ್ಪು ಮಣ್ಣು. ಪಕ್ಕದ ಖಾಲಿ ಜಾಗದಲ್ಲಿ ಹಿಂದೆ ಒಂದು ಬಾವಿ ಇತ್ತು, ಅದನ್ನು ಮುಚ್ಚಿದ್ದು ಅಪ್ಪನಿಗೆ ನೆನಪಿದೆ. ಮಳೆಗಾಲದಲ್ಲಿ ಸ್ವಲ್ಪ ಅಗೆದರೂ ನೀರು ಬರುತ್ತದೆ.

ಬಿರುಕಿನ ವಿಷಯ: ದೀಪಾವಳಿಗೆ ಸುಣ್ಣ ಬಳಿಸಿದಾಗ ಆ ಮೂಲೆಯ ಫೋಟೋ ಇದೆ, ತಂಗಿಯ ಮಗಳ ಹಿಂದೆ ಕಿಟಕಿ ಪೂರ್ತಿ ಕಾಣುತ್ತದೆ. ಅದರಲ್ಲಿ ಬಿರುಕು ಇಲ್ಲ.

ಮಣ್ಣುಪರೀಕ್ಷೆ_ಬೆಳಗಾವಿ

ಆ ಫೋಟೋ ಜೋಪಾನವಾಗಿ ಇಡಿ. ತಾರೀಖು ಫೈಲಿನಲ್ಲೇ ಇರುತ್ತದೆ. ವಾಟ್ಸಾಪಿನಲ್ಲಿ ಕಳಿಸಿದ ಕಾಪಿ ಬೇಡ, ಫೋನಿನಲ್ಲಿರುವ ಮೂಲ ಫೈಲೇ ಬೇಕು.

ಇನ್ನು ಬಾವಿ ಮತ್ತು ನೀರಿನ ಮಾತು. ನನಗೆ ಹೆಚ್ಚು ಚಿಂತೆ ಇದರದ್ದೇ. ಕಂಪನದಿಂದ ಮನೆ ಎರಡು ರೀತಿ ಕೆಡಬಹುದು. ಒಂದು, ಅಲುಗಾಟ ನೇರವಾಗಿ ಗೋಡೆಗೆ ಬಂದು ಗಿಲಾವ್ ಬಿಡುವುದು, ಬಿರುಕು ಬರುವುದು. ಮಿತಿಗಳೆಲ್ಲ ಇದಕ್ಕೆ ಮಾತ್ರ ಇರುವುದು. ಎರಡನೆಯದು, ನೆಲವೇ ಕುಸಿಯುವುದು. ಸೇರಿನಲ್ಲಿ ಜೋಳ ತುಂಬಿ ನೆಲಕ್ಕೆ ಕುಟ್ಟಿದರೆ ಜೋಳ ಕೆಳಗಿಳಿಯುತ್ತದಲ್ಲ, ಸಡಿಲ ಮರಳು ಮತ್ತು ತುಂಬಿದ ಮಣ್ಣು ಹಾಗೇ ಇಳಿಯುತ್ತದೆ. ನೀರು ತುಂಬಿದ ಸಡಿಲ ಮರಳಾದರೆ ಇನ್ನೂ ಬೇಗ. ಒಂದೊಂದು ಹೊಡೆತವೂ ಮಿತಿಯ ಒಳಗೇ ಇದ್ದರೂ, ಹೊಡೆತಗಳು ಸಾವಿರಗಟ್ಟಲೆ ಬಿದ್ದಾಗ ನೆಲ ಇಳಿಯಬಹುದು. ಮನೆಯ ಒಂದು ಮೂಲೆ ತುಂಬಿದ ಮಣ್ಣಿನ ಮೇಲೆ, ಇನ್ನೊಂದು ಗಟ್ಟಿ ನೆಲದ ಮೇಲೆ ಇದ್ದರೆ ಒಂದು ಕಡೆ ಮಾತ್ರ ಇಳಿದು ಗೋಡೆ ಸೀಳುತ್ತದೆ. ಕಂಟ್ರಾಕ್ಟರ್ ಕಂಪನ ಅಳೆಯುವ ಮೀಟರ್ ತೋರಿಸಿ "5ರ ಒಳಗೇ ಇದೆ" ಅಂದರೆ ಅಲ್ಲಿಗೆ ಸುಮ್ಮನಾಗಬೇಡಿ. ಗೋಡೆ ಬುಡದ ಮಟ್ಟ ಇಳಿದಿದೆಯಾ ಅಂತ ಲೆವೆಲ್ ಹಿಡಿದು ನೋಡಲು ಹೇಳಿ. ಬಾವಿ ಎಲ್ಲಿತ್ತು ಅಂತ ಅಪ್ಪನಿಂದ ಕೇಳಿ ನಕ್ಷೆಯಲ್ಲಿ ಗುರುತು ಹಾಕಿ ಅವರ ಎಂಜಿನಿಯರಿಗೆ ಬರಹದಲ್ಲಿ ಕೊಡಿ. ಅವರಿಗೂ ಅದು ಗೊತ್ತಿರಬೇಕಾದ ವಿಷಯ.

ಓರೆ ಬಿರುಕು ಕಿಟಕಿ ಮೂಲೆಯಿಂದ ಹೊರಟಿದೆ ಅಂದಿರಿ. ಅದು ಗೋಡೆಯ ದುರ್ಬಲ ಜಾಗ. ಅಲುಗಾಟಕ್ಕೂ ಅಲ್ಲೇ ಬಿಡುತ್ತದೆ, ಕುಸಿತಕ್ಕೂ ಅಲ್ಲೇ ಬಿಡುತ್ತದೆ. ಬಿರುಕಿನ ಒಂದು ತುದಿ ಅಗಲ, ಇನ್ನೊಂದು ತುದಿ ಸಣ್ಣ ಇದ್ದರೆ ಕುಸಿತದ ಅನುಮಾನ ಪಡಬೇಕು. ಸ್ಲ್ಯಾಬ್ ಕೆಳಗೆ ಉದ್ದಕ್ಕೂ ಅಡ್ಡ ಬಿರುಕು ಇದ್ದರೆ ಅದು ಬಿಸಿಲಿಗೆ ಸ್ಲ್ಯಾಬ್ ಹಿಗ್ಗಿ ಆದದ್ದು, ಅದನ್ನು ಯಾರ ಮೇಲೂ ಹಾಕಬೇಡಿ.

ಸೈಟ್_ಸೂಪರ್‌ವೈಸರ್

ಬಾವಿ ಇತ್ತು ಅಂದರೆ ನಾನೂ ಎಚ್ಚರಿಕೆ ಹೇಳುತ್ತೇನೆ. ಅಂಥ ಜಾಗದಲ್ಲಿ ಪೈಲ್ ಪೈಪೇ ಓರೆಯಾಗುತ್ತದೆ. ಆದರೆ ಮಗ್ಗದ ಪ್ರಶ್ನೆಗೆ ಯಾರೂ ಉತ್ತರ ಹೇಳಲಿಲ್ಲ. ದಿನವಿಡೀ ಮಗ್ಗ ಬಡಿಯುವ ಮನೆಯಲ್ಲಿ ಎರಡು ದಿನದ ಪೈಲ್ ಹೊಡೆತವೇ ಬಿರುಕು ತಂದಿತು ಅಂತ ಹೇಗೆ ಒಪ್ಪುವುದು?

ಮಣ್ಣುಪರೀಕ್ಷೆ_ಬೆಳಗಾವಿ

ನ್ಯಾಯವಾದ ಪ್ರಶ್ನೆ. ಪವರ್‌ಲೂಮ್ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಹೊಡೆಯುತ್ತದೆ. ಆ ಅಲುಗಾಟ ಮಗ್ಗದ ಕಾಲಿನಿಂದ ನೆಲಹಾಸಿಗೆ, ಅಲ್ಲಿಂದ ಗೋಡೆಗೆ ಹೋಗುತ್ತದೆ. ಮಗ್ಗ ಮಹಡಿ ಮೇಲಿದ್ದರೆ ಅದು ದೊಡ್ಡ ವಿಷಯ. ನೆಲದ ಮೇಲಿದ್ದರೆ ಅಷ್ಟಿಲ್ಲ. ವರ್ಷಗಟ್ಟಲೆ ನಡೆದದ್ದರಿಂದ ಗೋಡೆಗೆ ಸ್ವಲ್ಪ ಸುಸ್ತು ಆಗಿರಲೂಬಹುದು. ಆದರೆ ಇದನ್ನು ಬಾಯಿಮಾತಿನಲ್ಲಿ ವಾದ ಮಾಡುವ ಅಗತ್ಯವೇ ಇಲ್ಲ. ಮೀಟರ್ ಬಂದ ದಿನ ಮೊದಲು ಎಲ್ಲ ಮಗ್ಗ ನಡೆಸಿ ಅಳೆಯಿರಿ, ಪೈಲ್ ನಿಂತಿರಲಿ. ಆಮೇಲೆ ಮಗ್ಗ ನಿಲ್ಲಿಸಿ ಪೈಲ್ ಹೊಡೆಸಿ ಅಳೆಯಿರಿ. ಎರಡು ಅಂಕಿ ಪಕ್ಕಪಕ್ಕ ಇಟ್ಟರೆ ಯಾವುದು ಎಷ್ಟು ಅನ್ನುವುದು ಗೊತ್ತಾಗುತ್ತದೆ. ನೇಕಾರರ ಓಣಿಯಲ್ಲಿ ಕೆಲಸ ಮಾಡುವ ಯಾವ ಕಂಟ್ರಾಕ್ಟರೂ ಇದನ್ನು ಮೊದಲೇ ಮಾಡಿಕೊಳ್ಳಬೇಕು. ಅವರ ರಕ್ಷಣೆಗೂ ಅದೇ ಒಳ್ಳೆಯದು.

ಒಂದು ವಿಷಯ ನೇರವಾಗಿ ಹೇಳುತ್ತೇನೆ. ಹಳೇ ಮನೆ, ಮೊದಲೇ ಸೋತ ಗೋಡೆ ಅನ್ನುವುದು ಹೊಡೆಯುವವನಿಗೆ ವಿನಾಯಿತಿ ಅಲ್ಲ. ಗೋಡೆ ದುರ್ಬಲ ಇದ್ದರೆ ಮಿತಿಯನ್ನು ಇನ್ನೂ ಕೆಳಗೆ ಹಿಡಿಯಬೇಕು. ಆ ಜರ್ಮನ್ ನಿಯಮದಲ್ಲಿ ಸೂಕ್ಷ್ಮ ಕಟ್ಟಡಕ್ಕೆ ಬೇರೆ ಸಾಲು ಇಟ್ಟಿರುವುದು ಅದಕ್ಕೇ.

ಗುಮ್ಮಟದ_ಓಣಿ_ವಿಜಯಪುರ

ನಮ್ಮ ಕಡೆಯ ಕಥೆ ಬೇರೆ. ವಿಜಯಪುರದಲ್ಲಿ ಸ್ವಲ್ಪ ಅಗೆದರೆ ಕರಿಕಲ್ಲು ಸಿಗುತ್ತದೆ. ಪೈಲ್ ಹೊಡೆಯುವ ಪ್ರಶ್ನೆಯೇ ಬರುವುದಿಲ್ಲ. ಆದರೆ ಬೇಸ್‌ಮೆಂಟ್‌ಗಾಗಿ ಬ್ರೇಕರ್ ಹಚ್ಚಿ ಕಲ್ಲು ಒಡೆಯುತ್ತಾರೆ, ದಿನವಿಡೀ ಟಕಟಕ. ಕಲ್ಲಿನಲ್ಲಿ ಅಲುಗಾಟ ದೂರ ಹೋಗುತ್ತದಂತಲ್ಲ, ನಿಜವಾ ಸರ್?

ಇಲ್ಲಿ ಗೋಲಗುಮ್ಮಟ, ಇಬ್ರಾಹಿಂ ರೋಜಾ, ಬಾರಾ ಕಮಾನ್ ಎಲ್ಲ ಇರುವುದರಿಂದ ಒಂದು ಕಾಯ್ದೆ ನಮಗೆ ಚೆನ್ನಾಗಿ ಗೊತ್ತು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಇಲ್ಲ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. 1958ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆಗಿ ಹೀಗೆ ಬಂದಿದೆ. 1656ರಿಂದ ನಿಂತಿರುವ ಗುಮ್ಮಟಕ್ಕೆ ಅಷ್ಟು ಜೋಪಾನ ಬೇಕೇ ಬೇಕು. ಆದರೆ ಬಡವರ ಮಣ್ಣಿನ ಗೋಡೆಗೆ ಅಂಥ ಗೆರೆ ಯಾರೂ ಎಳೆದಿಲ್ಲ. ನನಗೆ ಬೇಸರ ಆಗುವುದು ಅಲ್ಲಿ.

ಮಣ್ಣುಪರೀಕ್ಷೆ_ಬೆಳಗಾವಿ

ನಿಜ. ಗಟ್ಟಿ ಕಲ್ಲಿನಲ್ಲಿ ಕಂಪನದ ಹರ್ಟ್ಸ್ ಜಾಸ್ತಿ, ಮೆತ್ತನೆ ಮಣ್ಣಿನಲ್ಲಿ ಕಡಿಮೆ. ಹರ್ಟ್ಸ್ ಜಾಸ್ತಿ ಇದ್ದರೆ ಮನೆಗೆ ಅಪಾಯ ಕಡಿಮೆ, ಏಕೆಂದರೆ ಒಂದೆರಡು ಅಂತಸ್ತಿನ ಮನೆಯ ಸ್ವಂತ ತೂಗಾಟ ಕೆಳಗಿನ ಹರ್ಟ್ಸ್‌ನಲ್ಲೇ ಇರುತ್ತದೆ. ನಮ್ಮ ದೇಶದಲ್ಲಿ ಗಣಿ ಸ್ಫೋಟಕ್ಕೆ ಗಣಿ ಸುರಕ್ಷತಾ ನಿರ್ದೇಶನಾಲಯ 1997ರಲ್ಲಿ ಕೊಟ್ಟ ಸುತ್ತೋಲೆಯಲ್ಲೂ ಹೀಗೇ ಇದೆ. ಬೇರೆಯವರ ಮನೆಗೆ 8 ಹರ್ಟ್ಸ್‌ಗಿಂತ ಕೆಳಗೆ 5, 25ರವರೆಗೆ 10, ಅದರ ಮೇಲೆ 15. ಐತಿಹಾಸಿಕ ಕಟ್ಟಡಕ್ಕೆ ಕ್ರಮವಾಗಿ 2, 5, 10. ಅದು ಸ್ಫೋಟಕ್ಕೆ ಬರೆದದ್ದು, ಪೈಲ್‌ಗೆ ಅಲ್ಲ. ಆದರೂ ಮಾತುಕತೆಗೆ ಕೂತಾಗ ನಮ್ಮ ದೇಶದ್ದೇ ಒಂದು ಅಂಕಿ ಕೈಯಲ್ಲಿ ಇರುತ್ತದೆ.

ಗೌಂಡಿ_ಖಾಸಬಾಗ

ನಾನು ಗೌಂಡಿ ಕೆಲಸ ಮಾಡುವವನು, ಪುಸ್ತಕದ ಲೆಕ್ಕ ಗೊತ್ತಿಲ್ಲ. ಆದರೆ ಒಂದು ಹೇಳುತ್ತೇನೆ ಅಕ್ಕಾ. ಬಿರುಕಿಗೆ ಈಗಲೇ ಸಿಮೆಂಟ್ ತುಂಬಿ ಮುಚ್ಚಬೇಡಿ. ಕಂಟ್ರಾಕ್ಟರ್ "ನಾನೇ ಆಳು ಕಳಿಸಿ ಮುಚ್ಚಿಸಿಕೊಡುತ್ತೇನೆ" ಅಂದರೂ ಬೇಡ ಅನ್ನಿ. ಮುಚ್ಚಿದರೆ ಸಾಕ್ಷಿ ಹೋಯಿತು, ಕೆಲಸ ನಡೆದಿರುವಾಗ ಮುಚ್ಚಿದ್ದು ಮತ್ತೆ ಬಿಡುತ್ತದೆ ಕೂಡ.

ಬಿರುಕಿನ ಎರಡೂ ತುದಿಯಲ್ಲಿ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಬಿರುಕು ಬೆಳೆದರೆ ಗೆರೆ ದಾಟುತ್ತದೆ. ನಡುವೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಇಟ್ಟು ಎರಡೂ ಬದಿ ಗಟ್ಟಿಯಾಗಿ ಅಂಟಿಸಿ. ಗೋಡೆ ಸ್ವಲ್ಪ ಸರಿದರೂ ಗಾಜು ಒಡೆಯುತ್ತದೆ. ನಮ್ಮ ದೊಡ್ಡವರು ಮಾಡುತ್ತಿದ್ದದ್ದು ಇದೇ. ಸುಣ್ಣದ ಗೋಡೆಯಾದರೆ ಮೇಲಿನ ಪದರ ಕೆರೆದು ಕಲ್ಲಿಗೇ ಅಂಟಿಸಬೇಕು, ಇಲ್ಲದಿದ್ದರೆ ಸುಣ್ಣದ ಹಕ್ಕಳೆ ಸಮೇತ ಬಿದ್ದುಹೋಗುತ್ತದೆ.

ಇನ್ನೊಂದು. ಹಂಚಿನ ಮನೆಯಲ್ಲಿ ಹೊಡೆತಕ್ಕೆ ಮೊದಲು ಸರಿಯುವುದು ಹಂಚು. ಅವ್ವ ಮಲಗುವ ಜಾಗದ ಮೇಲಿನ ಹಂಚು, ತೊಲೆಯ ತುದಿ ಗೋಡೆಯಲ್ಲಿ ಎಷ್ಟು ಒಳಗೆ ಕೂತಿದೆ ಅನ್ನುವುದನ್ನು ಮೊದಲು ನೋಡಿ. ಬೇಕಾದರೆ ಮರದ ಆನಿಕೆ ಕೊಡಿಸಿ. ಬಿರುಕು ಆಮೇಲೆ.

ಮಣ್ಣುಪರೀಕ್ಷೆ_ಬೆಳಗಾವಿ

ಗೌಂಡಿ ಅಣ್ಣ ಹೇಳಿದ ಕೊನೆ ಮಾತು ಎಲ್ಲಕ್ಕಿಂತ ಮುಖ್ಯ. ಮೊದಲು ಜನರ ಜೀವ. ಪೈಲ್ ನಡೆಯುವ ಹೊತ್ತಿನಲ್ಲಿ ಅವ್ವನನ್ನು ಹಿಂದಿನ ಸ್ಲ್ಯಾಬ್ ಮನೆಯಲ್ಲಿ ಇರಿಸಿ.

ಕೋರ್ಟ್_ರಸ್ತೆ

ವಕೀಲಿ ಮಾಡುವವನಾಗಿ ನನ್ನ ಮಾತು. ಇಂಥ ಕೇಸಿನಲ್ಲಿ ಸೋಲುವವರು ಹೆಚ್ಚಾಗಿ ಸೋಲುವುದು ಒಂದೇ ಕಾರಣಕ್ಕೆ. ಕೆಲಸ ಶುರುವಾಗುವ ಮುಂಚೆ ಮನೆ ಹೇಗಿತ್ತು ಅಂತ ತೋರಿಸಲು ಏನೂ ಇರುವುದಿಲ್ಲ. ನಿಮಗೆ ಇನ್ನೂ ಸಮಯ ಇದೆ, ಇದೇ ದೊಡ್ಡ ಪುಣ್ಯ.

ಕಾನೂನಿನ ಆಧಾರವೂ ಇದೆ. 1882ರ ಈಸ್ಮೆಂಟ್ಸ್ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ನಿಮ್ಮ ನೆಲಕ್ಕೆ ಪಕ್ಕದ ನೆಲದ ಆಸರೆ ಸಿಗುವುದು ಸಹಜ ಹಕ್ಕು. ಅದು ಕಟ್ಟಡದ ಭಾರ ಇಲ್ಲದ ಖಾಲಿ ನೆಲದ ಮಾತು. ಆದರೆ ಕಟ್ಟಡ ಆ ಆಸರೆಯನ್ನು ತಂಟೆ ತಕರಾರಿಲ್ಲದೆ 20 ವರ್ಷ ಪಡೆದಿದ್ದರೆ 15ನೇ ಸೆಕ್ಷನ್ನಿನಲ್ಲಿ ಕಟ್ಟಡಕ್ಕೂ ಹಕ್ಕು ಗಟ್ಟಿಯಾಗುತ್ತದೆ. ನಿಮ್ಮ ಹಿಂದಿನ ಭಾಗಕ್ಕೇ ಮೂವತ್ತು ದಾಟಿದೆ ಅಂದಿರಿ. ಆಗ ಮುಂಬೈ ಪ್ರಾಂತ್ಯದಲ್ಲಿದ್ದ ನಮ್ಮ ಬೆಳಗಾವಿ ಕಡೆಗೆ ಆ ಕಾಯ್ದೆ 1891ರಲ್ಲೇ ಬಂತು. ಬೇಸ್‌ಮೆಂಟ್ ಅಗೆಯುವ ವಿಷಯದಲ್ಲಿ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಆದರೂ ಮೊದಲೇ ದಾವೆ ಹಾಕಬೇಡಿ. ಮಾಲೀಕರಿಗೆ ಮತ್ತು ಕಂಟ್ರಾಕ್ಟರಿಗೆ ಒಂದು ಪತ್ರ ಬರೆಯಿರಿ, ಪ್ರತಿಯನ್ನು ಪಾಲಿಕೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಪತ್ರದಲ್ಲಿ ಬೈಗುಳ ಬೇಡ. ಮನೆಯ ಜಂಟಿ ಪರಿಶೀಲನೆ, ಕಂಪನ ಅಳತೆ, ನಮ್ಮ ಕಡೆಯ ಸಾಲಿಗೆ ಬೇರೆ ವಿಧಾನ, ಇಷ್ಟನ್ನು ಕೇಳಿ. ಒಪ್ಪದಿದ್ದರೆ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಬಹುದು. ಸ್ಥಳ ನೋಡಿ ವರದಿ ಕೊಡಲು ಕಮಿಷನರ್ ನೇಮಿಸಿ ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆ (ಸಿಪಿಸಿ) ಆದೇಶ 26, ನಿಯಮ 9ರಲ್ಲಿ ಅರ್ಜಿ ಹಾಕಬಹುದು. ಒಳ್ಳೆಯ ಎಂಜಿನಿಯರ್ ಕಮಿಷನರ್ ಆಗಿ ಬಂದರೆ ಆ ವರದಿಗೆ ತೂಕ ಇರುತ್ತದೆ.

ಸೈಟ್_ಸೂಪರ್‌ವೈಸರ್

ಪರಿಶೀಲನೆ ಮಾಡಿ ಅಂದರೆ ನಾವೂ ಬೇಡ ಅನ್ನುವುದಿಲ್ಲ. ಒಳ್ಳೆಯ ಕಂಟ್ರಾಕ್ಟರ್ ತಾನೇ ಮಾಡಿಸುತ್ತಾನೆ. ಆದರೆ ಹೊಡೆತ ಬಿಟ್ಟು ಕೊರೆಯಿರಿ ಅಂದರೆ ರಿಗ್ ತರಿಸಲು ಖರ್ಚು ಇದೆ, ಕೆಸರು ಸಾಗಿಸಬೇಕು, ದಿನ ಜಾಸ್ತಿ ಹಿಡಿಯುತ್ತದೆ. ಪಕ್ಕದಲ್ಲಿ ಒಂದು ಕಾಲುವೆ ತೋಡಿದರೆ ಕಂಪನ ನಿಲ್ಲುತ್ತದೆ ಅಂತ ಕೆಲವು ಸೈಟಿನಲ್ಲಿ ಮಾಡುತ್ತಾರೆ. ಅದು ಸಾಲದಾ?

ಮಣ್ಣುಪರೀಕ್ಷೆ_ಬೆಳಗಾವಿ

ಸಾಲದು. ಲೆಕ್ಕ ನೋಡಿ. ಇಂಥ ಮಣ್ಣಿನಲ್ಲಿ ಮೇಲ್ಮೈ ಅಲೆ ಸೆಕೆಂಡಿಗೆ 180 ಮೀಟರ್ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಕಂಪನ 15 ಹರ್ಟ್ಸ್ ಆದರೆ ಒಂದು ಅಲೆಯ ಉದ್ದ 12 ಮೀಟರ್. ಕಾಲುವೆ ಕೆಲಸ ಮಾಡಬೇಕಾದರೆ ಆಳ ಅಲೆಯುದ್ದದ ಅರ್ಧಕ್ಕಿಂತ ಮೇಲಿರಬೇಕು, ಅಂದರೆ ಸುಮಾರು 7 ಮೀಟರ್. ಒಂದು ಮೀಟರ್ ಕಾಲುವೆಯ ಕೆಳಗಿನಿಂದ ಅಲೆ ಆರಾಮಾಗಿ ದಾಟಿ ಹೋಗುತ್ತದೆ. ಹಳೇ ಗೋಡೆಯ ಪಕ್ಕ 7 ಮೀಟರ್ ತೋಡಿದರೆ ಗೋಡೆಯೇ ಜಾರುತ್ತದೆ. ದಯವಿಟ್ಟು ಆ ಉಪಾಯ ಬಿಡಿ.

ಭಾರ ಬೀಳಿಸುವ ಎತ್ತರ ಅರ್ಧ ಮಾಡಿದರೆ ಸ್ವಲ್ಪ ಲಾಭ ಇದೆ. ಆದರೆ ಕಂಪನ ಅರ್ಧ ಆಗುವುದಿಲ್ಲ, ಶೇಕಡಾ 30ರಷ್ಟು ಮಾತ್ರ ಇಳಿಯುತ್ತದೆ. ಹೊಡೆತದ ಸಂಖ್ಯೆಯೂ ಜಾಸ್ತಿ ಆಗುತ್ತದೆ. ಮೊದಲು ಆಗರ್ ಅನ್ನುವ ದೊಡ್ಡ ಬೈರಿಗೆಯಿಂದ ತೂತು ಕೊರೆದು ಆಮೇಲೆ ಪೈಪ್ ಇಳಿಸಿದರೆ ಮೇಲಿನ ಪದರದಲ್ಲಿ ಹೊಡೆಯುವುದು ತಪ್ಪುತ್ತದೆ, ಖರ್ಚೂ ತೀರಾ ಜಾಸ್ತಿ ಅಲ್ಲ. ಎಲ್ಲಕ್ಕಿಂತ ಒಳ್ಳೆಯದು ಅಕ್ಕನ ಗೋಡೆ ಕಡೆಯ ಸಾಲಿಗೆ ಬೋರ್ಡ್ ಪೈಲ್. ಅದೇ ಅಮೆರಿಕದ ಕೈಪಿಡಿಯಲ್ಲಿ ಕೊರೆಯುವ ಕೆಲಸಕ್ಕೆ 7.6 ಮೀಟರ್‌ನಲ್ಲಿ ಸುಮಾರು 2.3 ಇದೆ. ಹೊಡೆತದ 16ರ ಪಕ್ಕ ಇಟ್ಟು ನೋಡಿ. ಒಂದು ವಿಧಾನ ಬದಲಿಸಿದರೆ ಏಳು ಪಟ್ಟು ವ್ಯತ್ಯಾಸ.

ಇನ್ನು ವೈಬ್ರೋ ಹ್ಯಾಮರ್. ಅದು ಪೂರ್ತಿ ವೇಗದಲ್ಲಿ ಇರುವಾಗ ತೊಂದರೆ ಕಡಿಮೆ. ಶುರು ಮಾಡುವಾಗ ಮತ್ತು ನಿಲ್ಲಿಸುವಾಗ ವೇಗ ಏರಿ ಇಳಿಯುತ್ತಾ ನೆಲದ ಮತ್ತು ಮನೆಯ ಸ್ವಂತ ಹರ್ಟ್ಸ್ ದಾಟಿ ಹೋಗುತ್ತದೆ, ಆಗ ಮನೆ ಜೋರಾಗಿ ತೂಗುತ್ತದೆ. ಆಪರೇಟರ್ ಪದೇ ಪದೇ ಆನ್ ಆಫ್ ಮಾಡುವುದೇ ಅಪಾಯ. ನಿರಂತರ ಕಂಪನಕ್ಕೆ ಡಿಐಎನ್ ಮಿತಿಯೂ ಕಡಿಮೆ. ಸಾಮಾನ್ಯ ಮನೆಯ ಮೇಲಂತಸ್ತಿನಲ್ಲಿ 5, ಸೂಕ್ಷ್ಮ ಕಟ್ಟಡಕ್ಕೆ 2.5. ಕೆಲಸ ಮುಗಿದ ಮೇಲೆ ಶೀಟ್ ಎಳೆದು ತೆಗೆಯುವಾಗ ಸಂದಿ ಉಳಿದು ಮಣ್ಣು ಅದರೊಳಗೆ ಜಾರುತ್ತದೆ. ಗೋಡೆ ಕಡೆಯ ಶೀಟ್‌ಗಳನ್ನು ಅಲ್ಲೇ ಬಿಡಲು ಕೇಳಿ.

ನೀರೆತ್ತುವ ಪಂಪನ್ನೂ ಮರೆಯಬೇಡಿ. ಬೇಸ್‌ಮೆಂಟ್ ಅಗೆದು ದಿನಗಟ್ಟಲೆ ನೀರು ಹೊರಗೆ ಹಾಕಿದರೆ ಪಕ್ಕದ ನೆಲದ ನೀರೂ ಇಳಿಯುತ್ತದೆ, ಮಣ್ಣು ಕುಗ್ಗುತ್ತದೆ. ಜನ ಸದ್ದು ಮಾಡುವ ಮಷೀನಿಗೆ ಬೈಯುತ್ತಾರೆ. ಸದ್ದಿಲ್ಲದ ಪಂಪು ಅದಕ್ಕಿಂತ ಹೆಚ್ಚು ಹಾಳು ಮಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಪಂಪಿನಲ್ಲಿ ಬರುವ ನೀರು ಕದಡಿದ್ದರೆ ಮಣ್ಣೂ ಜೊತೆಗೆ ಹೋಗುತ್ತಿದೆ ಅಂತ ಅರ್ಥ. ತಕ್ಷಣ ಹೇಳಿ ನಿಲ್ಲಿಸಿ.

ನವನಗರ_ಬಾಗಲಕೋಟೆ

ಎರೆ ಮಣ್ಣಿಗೆ ಅಂತಲೇ ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯವರು (ಸಿಬಿಆರ್‌ಐ) ತಯಾರಿಸಿದ ಅಂಡರ್‌ರೀಮ್ಡ್ ಪೈಲ್ ಇದೆಯಲ್ಲ ಸರ್, ಕೆಳಗೆ ಉಬ್ಬಿದ್ದು. ಅದನ್ನು ಆಗರ್‌ನಿಂದ ಕೊರೆದೇ ಹಾಕುತ್ತಾರೆ, ಹೊಡೆತವೇ ಇಲ್ಲ. ಅದು ಆಗುವುದಿಲ್ಲವಾ?

ಮಣ್ಣುಪರೀಕ್ಷೆ_ಬೆಳಗಾವಿ

ಒಂದೆರಡು ಅಂತಸ್ತಿನ ಮನೆಗೆ ಬಹಳ ಒಳ್ಳೆಯದು. ಬೇಸ್‌ಮೆಂಟ್ ಇರುವ ಕಾಂಪ್ಲೆಕ್ಸ್‌ಗೆ, ಅದೂ ನೀರು ಬರುವ ನೆಲದಲ್ಲಿ, ಉಬ್ಬು ಕೊರೆದಾಗ ಮಣ್ಣು ಕುಸಿಯುತ್ತದೆ. ಇಲ್ಲಿಗೆ ಹೊಂದುವುದಿಲ್ಲ.

ಟಿಳಕವಾಡಿ_ಹುಡುಗ

ಫೋನಿನಲ್ಲಿ ವೈಬ್ರೇಶನ್ ಆ್ಯಪ್ ಇದೆ. ಅದನ್ನೇ ಗೋಡೆ ಪಕ್ಕ ಇಟ್ಟರೆ ಆಗಲ್ವಾ? ಮೀಟರಿಗೆ ಯಾಕೆ ದುಡ್ಡು?

ಮಣ್ಣುಪರೀಕ್ಷೆ_ಬೆಳಗಾವಿ

ಹೊಡೆತ ಎಷ್ಟು ಗಂಟೆಗೆ ಶುರುವಾಯಿತು, ಎಷ್ಟು ಹೊತ್ತು ನಡೆಯಿತು ಅಂತ ದಾಖಲಿಸಲು ಆ್ಯಪ್ ಸಾಕು. ಅಂಕಿಗೆ ಅದನ್ನು ನಂಬಬೇಡಿ. ಫೋನ್ ನೆಲಕ್ಕೆ ಬಿಗಿಯಾಗಿ ಕೂತಿರುವುದಿಲ್ಲ, ಅದೇ ಕುಣಿಯುತ್ತದೆ. ಫೋನ್ ಅಳೆಯುವುದು ವೇಗೋತ್ಕರ್ಷ, ನಮಗೆ ಬೇಕಾದದ್ದು ವೇಗ. ಬೇಕಾಗಿರುವುದು ಮೂರು ದಿಕ್ಕಿನ ಜಿಯೋಫೋನ್ (ನೆಲದ ಅಲುಗಾಟ ಹಿಡಿಯುವ ಸಾಧನ) ಇರುವ ಮೀಟರ್. ಅದನ್ನು ಹೊಡೆತದ ಕಡೆಯ ಗೋಡೆಯ ಬುಡದಲ್ಲಿ, ಬುನಾದಿಗೆ ಅಂಟಿದ ಹಾಗೆ ಕೂರಿಸಬೇಕು. ಚಾಪೆ, ಟೈಲ್ಸ್, ಮೇಜು ಮೇಲೆ ಇಟ್ಟ ಅಳತೆ ಪ್ರಯೋಜನಕ್ಕಿಲ್ಲ. ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ವಿಟಿಯು ಕೇಂದ್ರವೇ ಇಲ್ಲಿದೆ. ಸಿವಿಲ್ ವಿಭಾಗದಲ್ಲಿ ವಿಚಾರಿಸಿ. ಕಂಟ್ರಾಕ್ಟರ್ ತಾನೇ ತರಿಸಿದರೂ ಚಿಂತೆ ಇಲ್ಲ. ಅಳೆಯುವಾಗ ನೀವು ಪಕ್ಕದಲ್ಲಿರಿ, ಮುದ್ರಿತ ಪ್ರತಿ ಅಲ್ಲೇ ಪಡೆಯಿರಿ.

ಮಗ್ಗದಮನೆ_ವಡಗಾವಿ

ಎಲ್ಲರಿಗೂ ಕೈಮುಗಿದು ಹೇಳುತ್ತೇನೆ, ಇಷ್ಟು ತಿಳಿಸಿ ಹೇಳಿದ್ದಕ್ಕೆ. ಏನಾಯಿತು ಅಂತ ತಿಳಿಸಬೇಕಲ್ಲ.

ವಕೀಲ ಅಣ್ಣ ಹೇಳಿದ ಹಾಗೆ ಪತ್ರ ಕೊಟ್ಟೆವು. ಮೂರು ಬೇಡಿಕೆ ಮಾತ್ರ ಬರೆದೆವು. ಬಾವಿಯ ಜಾಗದ ನಕ್ಷೆ ಅಪ್ಪನೇ ಕೈಯಿಂದ ಬರೆದುಕೊಟ್ಟರು. ಅದನ್ನು ನೋಡಿದ ಮೇಲೆ ಅವರ ಎಂಜಿನಿಯರ್ ಮಾತಿನ ಧಾಟಿ ಬದಲಾಯಿತು. ಮರುದಿನವೇ ಮನೆಗೆ ಬಂದರು. ಕೋಣೆ ಕೋಣೆಯ ಗೋಡೆ, ಸ್ಲ್ಯಾಬಿನ ಕೆಳಭಾಗ, ನೆಲಹಾಸು, ಕಂಪೌಂಡ್ ಎಲ್ಲ ಫೋಟೋ, ವಿಡಿಯೋ ಮಾಡಿಕೊಂಡರು. ಪ್ರತಿ ಬಿರುಕಿಗೂ ಪಕ್ಕದಲ್ಲಿ ಸ್ಕೇಲ್ ಇಟ್ಟು ನಂಬರ್ ಕೊಟ್ಟರು. ಹಳೇ ಬಿರುಕು ಯಾವುದು ಅಂತ ನಾವೇ ತೋರಿಸಿದೆವು, ಮುಚ್ಚಿಡಲಿಲ್ಲ. ಎರಡು ಕಡೆಯವರೂ ಸಹಿ ಮಾಡಿದ ಪ್ರತಿ ನಮ್ಮ ಹತ್ತಿರ ಇದೆ.

ಮೀಟರ್ ಬಂದ ದಿನ ಮಗ್ಗ ಬೇರೆ, ಪೈಲ್ ಬೇರೆ ಅಳೆದರು. ಗೋಡೆ ಬುಡದಲ್ಲಿ ಮಗ್ಗದ ಅಂಕಿ ಪೈಲಿನ ಅಂಕಿಗಿಂತ ಬಹಳ ಕಡಿಮೆ ಬಂತು. ಆಮೇಲೆ ಮಗ್ಗದ ಮಾತು ಯಾರೂ ಎತ್ತಲಿಲ್ಲ. ನಮ್ಮ ಕಡೆಯ ಸಾಲನ್ನು ಕೊರೆದು ಹಾಕಲು ಒಪ್ಪಿದ್ದಾರೆ. ಶೀಟ್ ಅಲ್ಲೇ ಬಿಡುವ ಬಗ್ಗೆ ಇನ್ನೂ ಒಪ್ಪಿಲ್ಲ, ಮಾತು ನಡೆದಿದೆ.

ಒಂದು ಪ್ರಶ್ನೆ ಉಳಿದಿದೆ. ಬಿರುಕಿನ ಗಾಜು ಇಲ್ಲಿಯವರೆಗೆ ಒಡೆದಿಲ್ಲ. ಕೆಲಸ ಮುಗಿದ ಮೇಲೆ ಎಷ್ಟು ದಿನ ಹಾಗೇ ಬಿಡಬೇಕು? ಅಕ್ಕಪಕ್ಕದ ಮನೆಯವರೂ ಕೇಳುತ್ತಿದ್ದಾರೆ.

ಮಣ್ಣುಪರೀಕ್ಷೆ_ಬೆಳಗಾವಿ

ಅಲುಗಾಟದ ಬಿರುಕು ಹೊಡೆತ ನಿಂತ ದಿನವೇ ನಿಲ್ಲುತ್ತದೆ. ಕುಸಿತ ಹಾಗಲ್ಲ, ನಿಧಾನಕ್ಕೆ ಬರುತ್ತದೆ. ಬೇಸ್‌ಮೆಂಟ್ ಗೋಡೆ ಮೇಲೆದ್ದು, ಪಂಪ್ ನಿಂತು, ಶೀಟ್ ವಿಷಯ ಮುಗಿದ ಮೇಲೂ ಒಂದು ಪೂರ್ತಿ ಮಳೆಗಾಲ ಮತ್ತು ಒಂದು ಬೇಸಿಗೆ ಗಾಜು ಇರಲಿ. ಕಪ್ಪು ಮಣ್ಣಿನಲ್ಲಿ ಋತುವಿನ ಅಲುಗಾಟ ಯಾವುದು, ಉಳಿದದ್ದು ಯಾವುದು ಅಂತ ಆಗಲೇ ಬೇರೆಯಾಗಿ ಕಾಣುವುದು. 1 ಮಿಲಿಮೀಟರ್ ಒಳಗಿನ ಬಿರುಕು ಆದರೆ ಬಣ್ಣದ ಕೆಲಸಕ್ಕೆ ಮುಗಿಯುತ್ತದೆ. 5 ದಾಟಿದರೆ ಬಾಗಿಲು ಕಿಟಕಿ ಹಿಡಿದುಕೊಳ್ಳಲು ಶುರುವಾಗುತ್ತವೆ, ಅಷ್ಟು ಹೊತ್ತಿಗೆ ಎಂಜಿನಿಯರ್ ಬಂದು ನೋಡಿರಬೇಕು. ಕಂಟ್ರಾಕ್ಟರ್ ಜೊತೆಗಿನ ಬರಹದಲ್ಲಿ ಆ ಅವಧಿಯನ್ನು ಈಗಲೇ ಸೇರಿಸಿ, ಕೊನೆ ಬಿಲ್ ಆಗುವ ಮುಂಚೆ.

ಅಕ್ಕಪಕ್ಕದವರಿಗೆ ಹೇಳಿ, 30 ಮೀಟರ್ ಒಳಗಿನ ಎಲ್ಲ ಮನೆಯವರೂ ಇದೇ ಪರಿಶೀಲನೆ ಕೇಳಲಿ. ಎಂಜಿನಿಯರ್ ಹೇಗೂ ಓಣಿಗೆ ಬಂದಿರುತ್ತಾರೆ.

ಗೌಂಡಿ_ಖಾಸಬಾಗ

ಮುಚ್ಚುವ ದಿನ ಬಂದಾಗ ಮುಂದಿನ ಕೋಣೆಯ ಕಲ್ಲು ಮಣ್ಣಿನ ಗೋಡೆಗೆ ಸಿಮೆಂಟ್ ಹಾಕಿಸಬೇಡಿ ಅಕ್ಕಾ. ಸುಣ್ಣ, ಮರಳಿನ ಗಾರೆಯನ್ನೇ ತುಂಬಿಸಿ. ಸಿಮೆಂಟ್ ಗಟ್ಟಿ ಕೂತು ಪಕ್ಕದ ಮೆತ್ತನೆ ಗೋಡೆಯನ್ನೇ ಬಿಡಿಸುತ್ತದೆ. ಹಿಂದಿನ ಇಟ್ಟಿಗೆ ಗೋಡೆಗೆ ಸಿಮೆಂಟ್ ನಡೆಯುತ್ತದೆ.